ಬೆದರಿದ ಕುದುರೆ



ನಮ್ಮ ಹಿರೇಗುತ್ತಿಯಲ್ಲಿ ಕುದುರೆ ಕಾಣುವುದು ಅಪರೂಪ. ನಾನು ನೋಡಿದ್ದು ಅಕ್ಕನ ಮಗನ ವಿಡಿಯೋ ಗೇಮಿನಲ್ಲಿ. 2018ರಲ್ಲಿ ಬಂದ ‘ರೆಡ್ ಡೆಡ್ ರಿಡೆಂಪ್ಶನ್ 2’ ಅದರ ಹೆಸರು. ದಾರಿಯಲ್ಲಿ ಹಾವೋ ತೋಳವೋ ಕಂಡರೆ ಕುದುರೆ ಬೆದರುತ್ತದೆ. ಆಗ ಒದ್ದು ಓಡಿಸಹೋದರೆ ಸವಾರನನ್ನೇ ಕೆಡವುತ್ತದೆ. ಸಮಾಧಾನ ಮಾಡಲು ಬೇರೆಯೇ ಗುಂಡಿ ಉಂಟು. ಒತ್ತಿದರೆ ಸವಾರ ಮೆಲ್ಲಗೆ ಮಾತಾಡಿ ಕುತ್ತಿಗೆ ತಟ್ಟುತ್ತಾನೆ. ಮೈ ಉಜ್ಜಿ, ಮೇವು ಕೊಟ್ಟು ನಂಟು ಬೆಳೆಸಿದಷ್ಟೂ ಅದರ ಧೈರ್ಯ ಹೆಚ್ಚುತ್ತದೆ.

ಅಂಗುತ್ತರ ನಿಕಾಯದ ಕೇಸಿ ಸುತ್ತದಲ್ಲಿ ಭಗವಾನರು ಕೇಸಿ ಎಂಬ ಕುದುರೆ ಪಳಗಿಸುವವನನ್ನು ಅವನ ರೀತಿ ಏನೆಂದು ಕೇಳುತ್ತಾರೆ. ಮೃದುವಾಗಿ, ಕಠಿಣವಾಗಿ, ಎರಡನ್ನೂ ಬೆರೆಸಿ ಎನ್ನುತ್ತಾನೆ. ತಾವೂ ಜನರನ್ನು ಹಾಗೆಯೇ ತಿದ್ದುವುದೆಂದು ಬುದ್ಧರ ಉತ್ತರ. ಆದರೆ ಅವರ ‘ಕಠಿಣ’ ಯಾವುದು ನೋಡಿ: ಇದು ಕೆಟ್ಟ ನಡೆ, ಇದು ಅದರ ಫಲ ಎಂದು ತಿಳಿಸುವುದು. ಅಷ್ಟೇ, ಚಾಟಿ ಇಲ್ಲ. ಪಳಗದ ಕುದುರೆಯನ್ನು ಕೇಸಿ ಕೊಲ್ಲುತ್ತಾನೆ. ಬುದ್ಧರಲ್ಲಿ ಕೊಲ್ಲುವುದೆಂದರೆ, ಇನ್ನು ಇವನಿಗೆ ಹೇಳಿ ಪ್ರಯೋಜನವಿಲ್ಲವೆಂದು ಮಾತು ಬಿಟ್ಟುಬಿಡುವುದು.

ಮಾಸ್ತರನಾದ ನನಗೆ ಈ ಮಾತು ಚುಚ್ಚುತ್ತದೆ. ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಒಬ್ಬರೇ ಮೂಲೆಯಲ್ಲಿ ಕೂತವರು. ನಮ್ಮ ಕೇರಿಯ ಮಗು ಇವತ್ತೂ ಕರಿಹಲಗೆಯ ಮುಂದೆ ನಡುಗಿದರೆ ಅದನ್ನು ಮೊಂಡುತನ ಎನ್ನಲಾರೆ. ದಡ್ಡ ಎಂದು ಅದರ ಜೊತೆ ಮಾತು ಬಿಟ್ಟವರು ಏನು ಮಾಡಿದಂತಾಯಿತು, ಕೇಸಿಯ ಕಥೆ ಇಟ್ಟುಕೊಂಡು ನೀವೇ ಯೋಚಿಸಿ.

ಪರೀಕ್ಷೆ ಹತ್ತಿರ ಬಂತು. ಇಂದು ಸಂಜೆ ಅಂಕದ ಮಾತೆತ್ತುವ ಮುಂಚೆ ಮಗುವಿನ ಪಕ್ಕ ಐದು ನಿಮಿಷ ಕೂತು, ಯಾವ ಪಾಠಕ್ಕೆ ಅಂಜಿಕೆ ಎಂದು ಕೇಳಿ.