ಬಾಯಿಯೂ ಕಾಯವೇ

 

ಸತಿಪಟ್ಠಾನ ಸುತ್ತದಲ್ಲಿ ಭಗವಾನರು ದೇಹವನ್ನು ಭಾಗ ಭಾಗವಾಗಿ ಗಮನಿಸಲು ಹೇಳುತ್ತಾರೆ. ಕೂದಲು, ಉಗುರು, ಹಲ್ಲು, ಚರ್ಮ ಎಂದು ಸಾಗುವ ಆ ಪಟ್ಟಿಯಲ್ಲಿ ಎಂಜಲೂ ಇದೆ. ನಾಚಿಕೆಯೆಂದು ಯಾವುದನ್ನೂ ಬಿಟ್ಟಿಲ್ಲ. ನಾವು ದಿನಾ ಕೂತು ಉಸಿರನ್ನು ಗಮನಿಸುತ್ತೇವೆ. ಆ ಮೂಗಿನ ಕೆಳಗೇ ಇರುವ ಬಾಯಿಯನ್ನು ತೆರೆದು ಕನ್ನಡಿಯಲ್ಲಿ ನೋಡಿಕೊಂಡು ಎಷ್ಟು ದಿನವಾಯಿತು?

"ದೀಕ್ಷೆ ತಗೊಂಡ ಮೇಲೆ ಹೆಂಡ ಮುಟ್ಟಿಲ್ಲ, ಇದೊಂದು ಎಲೆ ಅಡಿಕೆ ತಾನೇ?" ಎಂಬ ಸಮಾಧಾನ ನಮ್ಮಲ್ಲಿದೆ. ಐದನೆಯ ಶೀಲ ಹೇಳುವುದು ಮೈಮರೆಸುವ ವಸ್ತುಗಳ ಬಗ್ಗೆ. ಹಸಿವು ಗೊತ್ತಾಗದಿರಲಿ, ಸೊಂಟನೋವು ಮರೆಯಲಿ ಎಂದು ನಸುಕಿಗೇ ಪೊರಕೆ ಹಿಡಿಯುವ, ಕಳೆ ಕೀಳಲು ಹೋಗುವ ನಮ್ಮ ಅಕ್ಕಂದಿರು ದವಡೆಗೆ ಕಡ್ಡಿಪುಡಿ ಇಟ್ಟುಕೊಳ್ಳುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಆ ಹಸಿವು ಅವರು ಮಾಡಿಕೊಂಡದ್ದಲ್ಲ. ಆದರೆ ಅಪಾಯ ತಿಳಿದೂ ಹೇಳದೆ ಸುಮ್ಮನಿರುವುದು ಕರುಣೆಯಲ್ಲ.

ಹೊಗೆಸೊಪ್ಪು ಕೆಟ್ಟದ್ದೆಂದು ಎಲ್ಲರಿಗೂ ಗೊತ್ತು. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯಲ್ಲಿ ದೇಶಕ್ಕೇ ಮೊದಲಾದ ನಮ್ಮ ರಾಜ್ಯದಲ್ಲಿ ಈ ಮಾತು ಯಾರ ಕಿವಿಗೂ ಹಿತವಲ್ಲ. ಗುಟ್ಕಾ 2013ರಲ್ಲಿ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಬೆರೆಸುವ ಕೆಲಸ ಹೈಸ್ಕೂಲು ಹುಡುಗರ ಅಂಗೈಗೂ ಬಂದಿದೆ.

ಎರಡು ವಾರವಾದರೂ ಮಾಯದ ಹುಣ್ಣು, ಕೆನ್ನೆಯ ಒಳಗೋ ನಾಲಿಗೆಯ ಅಂಚಿನಲ್ಲೋ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು, ಸ್ವಲ್ಪ ಖಾರಕ್ಕೂ ಉರಿ ಕಂಡರೆ ತಡಮಾಡಬೇಡಿ. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಇಟ್ಟು ನೋಡಿ. ಹಿಡಿಸದಿದ್ದರೆ ಬಾಯಿ ಬಿಗಿಯುತ್ತಿದೆ ಎಂದರ್ಥ. ಶುರುವಿನಲ್ಲಿ ಬಹಳ ಸಲ ನೋವೇ ಇರುವುದಿಲ್ಲ. ಗುಣವಾಗುವ ಅವಕಾಶ ಹೆಚ್ಚಿರುವುದೂ ಆಗಲೇ.

ಆದರೂ ತೋರಿಸಲು ಹಿಂಜರಿಯುತ್ತೇವೆ. ಪೇಶ್ವೆಗಳ ಪುಣೆಯಲ್ಲಿ ನಮ್ಮವರು ಎಂಜಲು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿತ್ತೆಂದು ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ನಮ್ಮ ಬಾಯಿಯೇ ಮೈಲಿಗೆ ಎಂದವರ ಮಾತು ಎಷ್ಟು ಆಳಕ್ಕೆ ಇಳಿದಿದೆಯೋ, ಇಂದಿಗೂ ಡಾಕ್ಟರ ಎದುರು ಸೆರಗು ಅಡ್ಡ ಹಿಡಿಯುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಆ ಮಡಕೆ ಒಡೆದವರ ಹಾದಿಯಲ್ಲಿ ಬಂದವರು ನಾವು.

30 ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನೋಡದೆ ಕಳಿಸಿದರೆ ಕೇಳಿ, ಅದು ಹಕ್ಕು. ಬಿಡಬೇಕೆಂದರೂ ಆಗದವರು 1800-11-2356ಕ್ಕೆ ಫೋನ್ ಮಾಡಬಹುದು, ದುಡ್ಡು ಹಿಡಿಯುವುದಿಲ್ಲ.

ಭಾನುವಾರ ವಂದನೆಯ ನಂತರ ತಾಂಬೂಲದ ತಟ್ಟೆಯ ಬದಲು ಬಾಳೆಹಣ್ಣು ಇಡೋಣ. ಅಜ್ಜಿಯಂದಿರು ಗೊಣಗಿದರೆ ಮೇಷ್ಟ್ರು ಹೇಳಿದ್ದು ಎನ್ನಿ, ಬೈಗುಳ ನನಗಿರಲಿ.

ಜೈ ಭೀಮ್.