ದಿನಚರಿಯು ಯಾರ ಸೊತ್ತು?

ಮನುಷ್ಯನು ತನ್ನೊಡನೆ ತಾನೇ ಆಡಿಕೊಂಡ ಮಾತನ್ನು ಅನ್ಯರು ಕೇಳಬಹುದೆ? ಕೇಳಬಾರದೆಂಬುದೇ ಸಜ್ಜನರ ಮತ. ಆದರೂ ಆನ್ ಫ್ರಾಂಕ್ ಎಂಬ ಯೆಹೂದಿ ಬಾಲೆಯ ದಿನಚರಿಯನ್ನು ಲೋಕವೆಲ್ಲವೂ ಓದಿದೆ. ಈ ವಿರೋಧಕ್ಕೆ ಪರಿಹಾರವೇನೆಂಬುದನ್ನು ವಾಚಕರೊಡನೆ ಕೂಡಿ ವಿಚಾರಿಸುವುದೇ ಇಲ್ಲಿಯ ಉದ್ದೇಶ.

1929ರ ಜೂನ್ 12ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಹುಟ್ಟಿದ ಈಕೆಗೆ ಹದಿಮೂರನೆಯ ಜನ್ಮದಿನದಂದು ದಿನಚರಿಯ ಪುಸ್ತಕವು ಉಡುಗೊರೆಯಾಗಿ ಬಂದಿತು. 1942ರ ಜುಲೈ 6ರಂದು ಕುಟುಂಬವು ನಾತ್ಸಿಗಳ ಕಣ್ತಪ್ಪಿಸಿ, ಆಂಸ್ಟರ್‌ಡ್ಯಾಮಿನಲ್ಲಿ ತಂದೆಯ ವ್ಯಾಪಾರದ ಕಟ್ಟಡದ ಹಿಂಭಾಗವನ್ನು ಸೇರಿತು. ಅಲ್ಲಿ ಅಡಗಿದವರು ಒಟ್ಟು ಎಂಟು ಮಂದಿ. ಪಾಂಡವರ ಅಜ್ಞಾತವಾಸಕ್ಕೆ ಒಂದು ವರ್ಷವೆಂಬ ಗಡುವಾದರೂ ಇದ್ದಿತು. ಇವರಿಗೆ ಅದೂ ಇರಲಿಲ್ಲ. ಕೆಳಗೆ ಕೆಲಸಗಾರರಿರುವ ಹೊತ್ತಿನಲ್ಲಿ ಹೆಜ್ಜೆಯ ಸಪ್ಪಳವೂ ಆಗಕೂಡದು. ಕೋಪವನ್ನು ಬಯಲಿನಲ್ಲಿ ಓಡಿ ಕಳೆದುಕೊಳ್ಳುವ ವಯಸ್ಸಿನವಳಿಗೆ ಕಾಗದವೊಂದೇ ಬಯಲಾಯಿತು.

ಆ ಕಾಗದದಲ್ಲಿ ಆಕೆ ತಾಯಿಯನ್ನು ಕಠಿನವಾಗಿ ನಿಂದಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಗಾದೆ. ಬರೆಹಕ್ಕಾದರೋ ಬೇರೊಂದು ಗುಣವುಂಟು: ಬರೆದವರೇ ಅದನ್ನು ತಿರುಗಿ ಓದಬಲ್ಲರು. 1944ರ ಜನವರಿಯಲ್ಲಿ ಹಳೆಯ ಹಾಳೆಗಳನ್ನು ಓದಿದಾಗ ತನ್ನ ಕಾಠಿನ್ಯವು ಆಕೆಗೇ ನಾಚಿಕೆಯನ್ನು ತಂದಿತು. ತಾನು ಅನ್ಯಾಯ ಮಾಡಿದೆನೆಂದು ಕಂಡುಕೊಂಡ ಈ ಗಳಿಗೆಯೇ ಆಕೆ ನಿಜವಾಗಿ ಬೆಳೆದ ಗಳಿಗೆ.

ಅದೇ ವರ್ಷದ ಮಾರ್ಚ್ 28ರಂದು, ಲಂಡನಿನಲ್ಲಿದ್ದ ಡಚ್ ಸರಕಾರದ ಮಂತ್ರಿ ಬೋಲ್ಕೆಸ್ಟೈನ್ ಎಂಬವರು, ಜನರ ಯುದ್ಧಕಾಲದ ದಿನಚರಿಗಳನ್ನೂ ಪತ್ರಗಳನ್ನೂ ಸಂಗ್ರಹಿಸಬೇಕೆಂದು ರೇಡಿಯೋದಲ್ಲಿ ನುಡಿದರು. ಅದನ್ನು ಕೇಳಿದ ಆನ್, ಪುಸ್ತಕವಾಗಲೆಂಬ ಬಯಕೆಯಿಂದ, ಕೆಲವನ್ನು ಬಿಟ್ಟು ಕೆಲವನ್ನು ತಿದ್ದಿ, ಎಲ್ಲವನ್ನೂ ಹೊಸದಾಗಿ ಬರೆಯತೊಡಗಿದಳು. ಕೆಲಸವು ಮುಗಿಯುವ ಮೊದಲೇ, ಆಗಸ್ಟ್ 4ರಂದು, ಎಂಟು ಮಂದಿಯೂ ಸೆರೆಯಾದರು.

ಚೆಲ್ಲಿಹೋಗಿದ್ದ ಹಾಳೆಗಳನ್ನು ಸಹಾಯಕರಲ್ಲೊಬ್ಬರಾದ ಮೀಪ್ ಗೀಸ್ ಎಂಬಾಕೆ ಎತ್ತಿಟ್ಟರು. ಒಡತಿಗೆ ಹಿಂದಿರುಗಿಸಬೇಕೆಂದು ಓದದೆಯೇ ಕಾಪಾಡಿದರು. ಆನ್ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಸತ್ತಳೆಂಬುದು 1945ರಲ್ಲಿ ತಿಳಿದಮೇಲೆ, ಅವನ್ನು ತಂದೆಗೆ ಒಪ್ಪಿಸಿದರು. ತಂದೆಯು ಎರಡು ಬರೆಹಗಳಿಂದಲೂ ಆಯ್ದು, ಕೆಲವು ಭಾಗಗಳನ್ನು ಕೈಬಿಟ್ಟು, 1947ರಲ್ಲಿ ಪುಸ್ತಕವನ್ನು ಹೊರತಂದರು. ಮುಂದೆ ದಿನಚರಿಯೇ ಸುಳ್ಳೆಂದು ಸಾರುವವರು ಹುಟ್ಟಿಕೊಂಡುದರಿಂದ, ಡಚ್ ಸಂಸ್ಥೆಯೊಂದು ಕೈಬರೆಹಗಳನ್ನು ಪರೀಕ್ಷಿಸಿ, 1986ರಲ್ಲಿ ಎರಡನ್ನೂ ಅಚ್ಚು ಹಾಕಿಸಿತು.

ಓದದೆ ಇಟ್ಟ ಮೀಪ್ ಧರ್ಮವಂತೆಯಾದರೆ, ಓದುವ ನಾವು ಅಧರ್ಮಿಗಳೆ? ಅಲ್ಲ. ಒಡತಿಯು ಬರುವಳೆಂಬ ಆಸೆಯಿದ್ದಾಗ ಮೌನವೇ ಆಕೆಗೆ ಸಲ್ಲುವ ಗೌರವ. ಬಾರಳೆಂದು ತಿಳಿದಮೇಲೆ ಆಕೆಯ ಬಯಕೆಯನ್ನು ಸಲ್ಲಿಸುವುದೇ ಗೌರವ. ಆದರೆ ಆಕೆ ಲೋಕಕ್ಕೆ ಕೊಡಬಯಸಿದುದು ತಿದ್ದಿದ ಬರೆಹವನ್ನು. ತಿದ್ದದ ಹಾಳೆಗಳು ಸತ್ಯವನ್ನು ಉಳಿಸುವ ನಿರ್ಬಂಧದಿಂದ ಹೊರಬಂದವು. ಆದುದರಿಂದ ಅವುಗಳನ್ನು ಓದುವವನ ಮೇಲೆ ಒಂದು ಹೊಣೆಯುಂಟು. ಹುಡುಗಿಯೊಬ್ಬಳು ಒಂದು ದಿನದ ಕೋಪದಲ್ಲಿ ಬರೆದ ಮಾತನ್ನು ಆಕೆಯ ಕಡೆಯ ತೀರ್ಪೆಂದು ಎಣಿಸಕೂಡದು. ತಾಯಿ ಎಡಿತ್ 1945ರ ಜನವರಿಯಲ್ಲಿ ಔಷ್‌ವಿಟ್ಸ್ ಶಿಬಿರದಲ್ಲಿ ತೀರಿಕೊಂಡಳು. ಮಗಳ ಮಾತಿಗೆ ಆಕೆ ಏನು ಉತ್ತರ ಕೊಡುತ್ತಿದ್ದಳೆಂಬುದನ್ನು ಯಾವ ಪುಸ್ತಕವೂ ಹೇಳದು. ಆ ಉತ್ತರಕ್ಕೆ ಮನಸ್ಸಿನಲ್ಲಿ ಎಡೆಯಿಟ್ಟು ಓದುವವನಿಗೆ ಮಾತ್ರ ಪರರ ದಿನಚರಿಯನ್ನು ತೆರೆಯುವ ಅಧಿಕಾರವುಂಟು.