ಸಂಸರ್ಗದೋಷ

ಊರಿಗೆ ಹೊಸದಾಗಿ ಬಂದ ಗೃಹಸ್ಥನೊಬ್ಬನು ಒಂದು ಮನೆಯನ್ನು ಬಾಡಿಗೆಗೆ ಹಿಡಿದನೆನ್ನೋಣ. ಅಲ್ಲಿ ಹಿಂದೆ ಇದ್ದವನು ಬೀದಿಯ ಅಂಗಡಿಗಳಲ್ಲೆಲ್ಲ ಬಾಕಿಯುಳಿಸಿ ರಾತ್ರೋರಾತ್ರಿ ಓಡಿಹೋದವನು. ಹೊಸಬನು ಅಂಗಡಿಗೆ ಹೋಗಿ ತನ್ನ ಮನೆಯ ಗುರುತನ್ನು ಹೇಳಿದೊಡನೆಯೇ ವರ್ತಕನು ಹುಬ್ಬು ಗಂಟಿಕ್ಕುತ್ತಾನೆ. ಬಂದವನಲ್ಲಿ ದೋಷವಿಲ್ಲ, ವರ್ತಕನ ಎಚ್ಚರಿಕೆಯನ್ನೂ ದೋಷವೆನ್ನುವಂತಿಲ್ಲ. ಇಂಟರ್ನೆಟ್ಟಿನ ವ್ಯವಹಾರದಲ್ಲಿ ಈ ಪ್ರಸಂಗವು ನಿತ್ಯವೂ ನಡೆಯುತ್ತಿದೆ. ಸಣ್ಣ ಸಂಸ್ಥೆಯೊಂದು ಇ-ಮೇಲ್ ಪತ್ರಗಳನ್ನು ಕಳುಹಿಸುವುದಕ್ಕಾಗಿ ಒಂದು ಸರ್ವರನ್ನು ಬಾಡಿಗೆಗೆ ಪಡೆಯುತ್ತದೆ. ಮೊದಲನೆಯ ದಿನವೇ ಪತ್ರಗಳು ಹಿಂದಿರುಗುತ್ತವೆ. ವಿಚಾರಿಸಿದರೆ, ಅದರ ಪಾಲಿಗೆ ಬಂದ ಐ.ಪಿ. ವಿಳಾಸವು ನಿಷೇಧಪಟ್ಟಿಯೊಂದರಲ್ಲಿ ಎಂದೋ ಸೇರಿಹೋಗಿದೆ.

ಐ.ಪಿ. ವಿಳಾಸವೆಂದರೆ ಇಂಟರ್ನೆಟ್ಟಿನಲ್ಲಿ ಯಂತ್ರಗಳಿಗೆ ಕೊಟ್ಟಿರುವ ಮನೆಯಂಕೆ. ಅಂಚೆಯ ಖರ್ಚನ್ನು ಕಾಗದ ಬರೆದವನು ಕೊಡುವುದು ಲೋಕರೂಢಿ. ಇ-ಮೇಲಿನಲ್ಲಾದರೋ ಲಕ್ಷ ಪತ್ರ ಕಳುಹಿಸುವವನಿಗೆ ತಗಲುವ ಖರ್ಚು ಅತ್ಯಲ್ಪ; ಭಾರವೆಲ್ಲ ಪಡೆಯುವವನ ಮೇಲೆ. ಇದನ್ನು ಕಂಡುಕೊಂಡವರು ಬೇಡದ ಜಾಹೀರಾತುಗಳನ್ನೂ ಮೋಸದ ಪತ್ರಗಳನ್ನೂ ಮಳೆಗರೆದರು. ಅದಕ್ಕೆ ಸ್ಪ್ಯಾಮ್ ಎಂದು ಹೆಸರಾಯಿತು. ಅದನ್ನು ತಡೆಯಲೆಂದು ಅಮೆರಿಕದ ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಎಂಬವರು 1997ರಲ್ಲಿ ಇಂಥ ಪಟ್ಟಿಯೊಂದನ್ನು ತೊಡಗಿದರು. 1998ರಲ್ಲಿ ಲಂಡನ್ನಿನಲ್ಲಿ ಸ್ಟೀವ್ ಲಿನ್‌ಫೋರ್ಡ್ ಸ್ಥಾಪಿಸಿದ ಸ್ಪ್ಯಾಮ್‌ಹೌಸ್ ಇಂದಿಗೂ ಪ್ರಬಲವಾಗಿದೆ. ಇದರ ಕ್ರಮ ಸರಳ. ಪತ್ರ ಬಂದೊಡನೆ ಪಡೆಯುವ ಸರ್ವರು ಕಳುಹಿಸಿದ ವಿಳಾಸದ ನಾಲ್ಕು ಅಂಕಿಗಳನ್ನು ಹಿಂದುಮುಂದಾಗಿ ಜೋಡಿಸಿ ಪಟ್ಟಿಯನ್ನು ಕೇಳುತ್ತದೆ. 127.0.0.2 ಎಂಬಂಥ ಉತ್ತರ ಬಂದರೆ ವಿಳಾಸವು ಪಟ್ಟಿಯಲ್ಲಿದೆಯೆಂದು ಅರ್ಥ. ಅಂಥ ಹೆಸರೇ ಇಲ್ಲವೆಂದರೆ ಆಕ್ಷೇಪವಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ವಿಚಾರಣೆ ಮುಗಿಯುತ್ತದೆ. ಸಾಕ್ಷಿಯಿಲ್ಲ, ವಕೀಲನಿಲ್ಲ, ಪ್ರತಿವಾದವಿಲ್ಲ.

ಇದು ನ್ಯಾಯವೇ? ಪಟ್ಟಿಕಾರರ ಸಮಾಧಾನ ಹೀಗಿದೆ: ತಾವು ಯಾರನ್ನೂ ತಡೆಯುವವರಲ್ಲ, ತಮ್ಮ ಅಭಿಪ್ರಾಯವನ್ನು ಹೇಳುವವರು ಮಾತ್ರ. ಬಾಗಿಲನ್ನು ಮುಚ್ಚುವವನು ಮನೆಯೊಡೆಯ, ಯಾರನ್ನು ಒಳಗೆ ಬಿಡಬೇಕೆಂಬುದು ಅವನ ಸ್ವಾತಂತ್ರ್ಯ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. 2006ರಲ್ಲಿ ಇ360 ಇನ್‌ಸೈಟ್ ಎಂಬ ವ್ಯಾಪಾರಸಂಸ್ಥೆಯು ಸ್ಪ್ಯಾಮ್‌ಹೌಸಿನ ಮೇಲೆ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ದಾವೆ ಹೂಡಿತು. ಪ್ರತಿವಾದಿಯು ವಾದವನ್ನು ಮುಂದುವರಿಸದೆ ಹೋದುದರಿಂದ ಸುಮಾರು 1 ಕೋಟಿ 17 ಲಕ್ಷ ಡಾಲರುಗಳ ಪರಿಹಾರವು ವಿಧಿಸಲ್ಪಟ್ಟಿತು. ಮೇಲ್ಮನವಿಯ ಅನಂತರ 2010ರಲ್ಲಿ ಅದು 27,002 ಡಾಲರಿಗೆ ಇಳಿಯಿತು. 2011ರಲ್ಲಿ ಕೇವಲ 3 ಡಾಲರಿಗೆ! ಆದರೆ ನ್ಯಾಯಾಲಯವು ಅಲ್ಲಿ ತೂಗಿದುದು ನಷ್ಟಕ್ಕೆ ಪುರಾವೆ ಸಾಲದೆಂಬುದನ್ನು. ಪಟ್ಟಿಗೆ ಸೇರಿಸಿದುದು ಧರ್ಮವೋ ಅಧರ್ಮವೋ ಎಂಬುದನ್ನಲ್ಲ. ಆ ಪ್ರಶ್ನೆ ಇದ್ದಲ್ಲಿಯೇ ಇದೆ. ಒಬ್ಬನ ಅಭಿಪ್ರಾಯವನ್ನು ಒಬ್ಬನು ಕೇಳಿದರೆ ಅದು ಸಲಹೆ. ಸಾವಿರಾರು ಬಾಗಿಲುಗಳು ಒಬ್ಬನ ಮಾತಿಗೇ ಕಾದು ನಿಂತರೆ ಅದು ಊರಿನ ಬಹಿಷ್ಕಾರ. ಹೇಳಿದವನು ತಾನು ಬಾಗಿಲು ಮುಚ್ಚಲಿಲ್ಲವೆನ್ನುತ್ತಾನೆ, ಮುಚ್ಚಿದವನು ತಾನು ತೀರ್ಪು ಹೇಳಲಿಲ್ಲವೆನ್ನುತ್ತಾನೆ. ಹೊರಗೆ ನಿಂತವನು ಯಾರನ್ನು ಕೇಳಬೇಕು?

ಪಟ್ಟಿಯಲ್ಲಿರುವುದೆಲ್ಲ ಆರೋಪವೆಂದು ತಿಳಿಯುವುದೂ ತಪ್ಪು. ಮನೆಬಳಕೆಯ ಸಂಪರ್ಕಗಳಿಂದ ನೇರವಾಗಿ ಪತ್ರಗಳು ಹೊರಡಬಾರದೆಂಬ ಕಟ್ಟಳೆಯನ್ನು ಸೂಚಿಸುವ ಪಟ್ಟಿಯೂ ಉಂಟು. ಅದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ತೊಡಕಿರುವುದು ಪಾಪವು ಒಬ್ಬನಿಂದ ಇನ್ನೊಬ್ಬನಿಗೆ ಹರಿಯುವಲ್ಲಿ.

ಮನುಸ್ಮೃತಿಯು ಮಹಾಪಾತಕಗಳನ್ನು ಎಣಿಸುವಾಗ ನಾಲ್ಕನ್ನು ಹೇಳಿ, ಆ ಪಾತಕಿಗಳ ಸಂಸರ್ಗವನ್ನು ಐದನೆಯದಾಗಿ ಸೇರಿಸುತ್ತದೆ. ಕಠಿನವಾದ ಮಾತೇ ಸರಿ. ಆದರೂ ಪತಿತನೊಡನೆ ಆಸನಭೋಜನಾದಿಗಳನ್ನು ಹಂಚಿಕೊಂಡವನಿಗೆ ದೋಷ ಹತ್ತಲು ಒಂದು ಸಂವತ್ಸರದ ಅವಧಿಯನ್ನಾದರೂ ಆ ಗ್ರಂಥವು ಕೊಟ್ಟಿದೆ. ಜೊತೆಗೆ ಕುಳಿತವನಿಗೆ ತಾನು ಯಾರ ಜೊತೆ ಕುಳಿತೆನೆಂಬ ಅರಿವೂ ಇರುತ್ತದೆ. ನಿಷೇಧಪಟ್ಟಿಯ ಸಂಸರ್ಗಕ್ಕೆ ಇವೆರಡೂ ಬೇಡ. ಈ ಶತಮಾನದ ಆದಿಯಲ್ಲಿ ನಡೆಯುತ್ತಿದ್ದ ಸ್ಪ್ಯೂಸ್ ಎಂಬ ಪಟ್ಟಿಯು ಸ್ಪ್ಯಾಮ್ ಕಳುಹಿಸಿದವನ ವಿಳಾಸವನ್ನಷ್ಟೇ ಅಲ್ಲದೆ, ಅವನಿಗೆ ಆಶ್ರಯಕೊಟ್ಟ ಕಂಪನಿಯ ಇತರ ಬಾಡಿಗೆದಾರರ ವಿಳಾಸಗಳನ್ನೂ ಹಂತಹಂತವಾಗಿ ಒಳಗೊಳ್ಳುತ್ತಿತ್ತು. ನೆರೆಯವರಿಗೆ ಕಷ್ಟವಾದರೆ ಅವರು ಒಡೆಯನನ್ನು ಪೀಡಿಸುವರು, ಒಡೆಯನು ದುಷ್ಟನನ್ನು ಹೊರಹಾಕುವನು ಎಂಬುದು ಅದರ ಹಿಂದಿನ ಲೆಕ್ಕ. ಪಟ್ಟಿಯನ್ನು ನಡೆಸುವವರ ಹೆಸರು ಮಾತ್ರ ಯಾರಿಗೂ ತಿಳಿಯದು. ಉಪಾಯವು ಫಲಿಸಿದ್ದುಂಟು, ಆದರೆ ನಿರಪರಾಧಿಯ ಸಂಕಟವನ್ನು ಇನ್ನೊಬ್ಬನನ್ನು ಬಗ್ಗಿಸುವ ಸನ್ನೆಗೋಲನ್ನಾಗಿ ಬಳಸುವುದು, ಫಲಿಸಿದ ಮಾತ್ರಕ್ಕೆ ಧರ್ಮವಾಗಲಾರದು. ವಿಳಾಸಗಳ ಅಭಾವದಿಂದ ಈ ಕಷ್ಟವು ಇಂದು ಹೆಚ್ಚಿದೆ. ಹಳೆಯ ಕ್ರಮದ ವಿಳಾಸಗಳು ಸುಮಾರು 430 ಕೋಟಿ. ಜಾಗತಿಕ ಭಂಡಾರವು 2011ರ ಫೆಬ್ರವರಿಯಲ್ಲಿಯೇ ಬರಿದಾಯಿತು. ಆದಕಾರಣ ವಿಳಾಸಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಮೊಬೈಲ್ ಜಾಲಗಳಲ್ಲಿ ಎಷ್ಟೋ ಜನ ಅಪರಿಚಿತರು ಒಂದೇ ವಿಳಾಸದಡಿ ವಾಸಿಸುತ್ತಾರೆ. ಒಬ್ಬನ ಯಂತ್ರಕ್ಕೆ ತಗುಲಿದ ರೋಗದ ಅಪಕೀರ್ತಿ ಎಲ್ಲರಿಗೂ.

ಇನ್ನು ಬಿಡುಗಡೆಯ ಮಾತು. ಪಟ್ಟಿಯಿಂದ ಹೊರಬರಬೇಕಾದವನು ಮೊದಲು ಯಾವ ಪಟ್ಟಿಯಲ್ಲಿ, ಯಾವ ಕಾರಣದಿಂದ ಸೇರಿದೆನೆಂದು ತಿಳಿಯಬೇಕು, ಕಾರಣವನ್ನು ನಿವಾರಿಸಬೇಕು, ಆಮೇಲೆ ಅರ್ಜಿ. ಕಳವಾದ ಗುಪ್ತಪದದಿಂದ ಯಾರೋ ಪತ್ರ ಕಳುಹಿಸುತ್ತಿದ್ದರೆ ಅದನ್ನು ಬದಲಿಸದೆ ಅರ್ಜಿ ಹಾಕಿದವನು ಮರುದಿನವೇ ಮತ್ತೆ ಪಟ್ಟಿಗೆ ಸೇರುತ್ತಾನೆ. ಇಲ್ಲಿಯವರೆಗೆ ಪ್ರಾಯಶ್ಚಿತ್ತದ ಕ್ರಮವು ಸರಿಯಾದುದೇ. ಆದರೆ ಪಾಪವನ್ನೇ ಮಾಡದವನಿಗೆ ಪ್ರಾಯಶ್ಚಿತ್ತವೆಲ್ಲಿಯದು? ಅವನು ತಾನು ಬೇರೆಯವನೆಂದು ತೋರಿಸಬೇಕು, ಅಷ್ಟೆ. ಅದೂ ಎಲ್ಲೆಡೆ ಸುಲಭವಲ್ಲ: ಸ್ಪ್ಯಾಮ್‌ಹೌಸಿನ ಮುಖ್ಯ ಪಟ್ಟಿಯಿಂದ ಹೆಸರನ್ನು ತೆಗೆಸಬೇಕಾದರೆ ವಿಳಾಸದ ಒಡೆತನವುಳ್ಳ ಕಂಪನಿಯೇ ಕೇಳಬೇಕು, ಬಾಡಿಗೆದಾರನ ಮಾತು ನಡೆಯದು. ಒಡೆಯನು ಸೋಮಾರಿಯಾದರೆ ಬಾಡಿಗೆದಾರನಿಗೆ ಮನೆ ಬದಲಿಸುವುದೊಂದೇ ದಾರಿ.

ಹಣದ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಎಡೆಯಿಲ್ಲ. ಬೇಗ ಬಿಡುಗಡೆ ಬೇಕಾದವರಿಂದ ಕೆಲವು ಪಟ್ಟಿಕಾರರು ಶುಲ್ಕವನ್ನೋ ಧರ್ಮಕಾರ್ಯಕ್ಕೆ ದೇಣಿಗೆಯನ್ನೋ ಕೇಳಿದ್ದುಂಟು. ಇಂಥ ಪಟ್ಟಿಗಳ ನಿರ್ವಹಣೆಯನ್ನು ಕುರಿತು 2012ರಲ್ಲಿ ಪ್ರಕಟವಾದ 6471ನೆಯ ಆರ್.ಎಫ್.ಸಿ. ಎಂಬ ಲೇಖವು ಇದು ಸುಲಿಗೆಗೆ ತೀರ ಸಮೀಪದ ನಡತೆಯೆಂದು ಹೇಳಿ, ಕೂಡದೆಂದು ಖಂಡಿತವಾಗಿ ವಿಧಿಸಿದೆ. ತಪ್ಪು ಹೊರಿಸುವವನಿಗೆ ಆ ತಪ್ಪಿನಿಂದಲೇ ಆದಾಯವಾದರೆ, ಅವನ ಪಟ್ಟಿ ಬೆಳೆಯುವುದು ಯಾವುದರಿಂದ ಎಂದು ಕೇಳಬೇಕಾಗುತ್ತದೆ.

ಇಷ್ಟಾದರೂ ಪಟ್ಟಿಗಳಿಲ್ಲದೆ ಇ-ಮೇಲ್ ನಡೆಯಲಾರದೆಂಬುದು ನಿಜ. ಪ್ರಶ್ನೆಯಿರುವುದು ಬಾಗಿಲ ಬಳಿ ಕುಳಿತ ಮನೆಯೊಡೆಯನನ್ನು ಕುರಿತು: ಪಟ್ಟಿಯ ಮಾತನ್ನು ಅವನು ಇತರ ಕುರುಹುಗಳೊಡನೆ ತೂಗುತ್ತಾನೋ, ಅಥವಾ ಯೋಚಿಸುವ ಕೆಲಸವನ್ನೇ ಅದಕ್ಕೆ ಒಪ್ಪಿಸಿಬಿಟ್ಟಿದ್ದಾನೋ? 2003ರ ಆಗಸ್ಟಿನಲ್ಲಿ ಒಸಿರುಸಾಫ್ಟ್ ಎಂಬ ಪಟ್ಟಿಯು ಶತ್ರುಗಳ ಸತತ ದಾಳಿಯಿಂದ ಬೇಸತ್ತು ಮುಚ್ಚಿಕೊಂಡಿತು. ಮುಚ್ಚುವಾಗ ಅದು ಲೋಕದ ಸಮಸ್ತ ವಿಳಾಸಗಳನ್ನೂ ತನ್ನೊಳಗೆ ಸೇರಿಸಿಕೊಂಡಿತು; ಯಾರನ್ನು ಕುರಿತು ಕೇಳಿದರೂ ದೋಷಿಯೆಂದೇ ಉತ್ತರ. ಅದನ್ನೇ ನಂಬಿದ್ದ ಸರ್ವರುಗಳು, ನಡೆಸುವವರು ಎಚ್ಚೆತ್ತು ಆ ಪಟ್ಟಿಯ ಹೆಸರನ್ನು ಅಳಿಸುವವರೆಗೂ, ಸಾಧುಗಳ ಪತ್ರವನ್ನೂ ವಂಚಕರ ಪತ್ರವನ್ನೂ ಒಂದೇ ಸಮನೆ ಹಿಂದಿರುಗಿಸುತ್ತಿದ್ದವು.